ನಾಲ್ಕನೇ ಕೋರು

ಮೊನ್ನೆ ನಮ್ಮತ್ತೆ ಮಂಡಿನೋವಿಗೆ ಥರ್ಮಲ್ ಪೇಸ್ಟ್ ಹಚ್ಚಿಕೊಂಡರು.

ಅವರ ತಪ್ಪೇನೂ ಇಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ, ನನ್ನ ಹಳೆಯ ಸೀರೆಗಳ ಅಡಿಯಲ್ಲಿ, ಇಂಜೆಕ್ಷನ್ ಸಿರಿಂಜಿನಂಥ ಒಂದು ಟ್ಯೂಬು ಬಿದ್ದಿತ್ತು. ಒತ್ತಿದರೆ ಬೂದು ಬಣ್ಣದ ಮುಲಾಮು ಬಂತು. ಮುಲಾಮು ಅಂದಮೇಲೆ ಮಂಡಿಗಲ್ಲದೆ ಇನ್ನೆಲ್ಲಿಗೆ? ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಎರಡೂ ಮಂಡಿಗೆ ವಿಭೂತಿ ಬಳಿದಂತೆ ಬಳಿದುಕೊಂಡು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. "ಎಲ್ಲಿ ತಂದಿದ್ದೆಯವ್ವಾ ಈ ಔಷ್ದಿ? ಒಸಿ ತಣ್ಣಗದೆ. ನೋವು ಇಳಿದಂಗಾಯ್ತು" ಅಂದರು. ಅದು ಕಂಪ್ಯೂಟರಿನ ಪ್ರೊಸೆಸರಿಗೆ ಹಚ್ಚುವುದು, ಅದರ ಕಾವನ್ನು ಎಳೆದು ಮೇಲಿನ ಲೋಹದ ತುಂಡಿಗೆ ದಾಟಿಸುವುದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಾ, "ಹಳೇದು ಅತ್ತೆ, ಡೇಟ್ ಮುಗ್ದದೆ" ಅಂದೆ. ಸುಳ್ಳಲ್ಲ. ಅದರ ಡೇಟೂ ಮುಗಿದಿತ್ತು, ಅದನ್ನು ಕೊಂಡುತಂದಿದ್ದ ಹುಡುಗಿಯ ಡೇಟೂ ಮುಗಿದಿತ್ತು.

ನಾನೀಗ ಚಾಮರಾಜನಗರದ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಮಕ್ಕಳಿಗೆ ಮೌಸ್ ಹಿಡಿಯುವುದು, ಬಣ್ಣ ತುಂಬುವುದು, ಕೊನೆಗೆ ಸರಿಯಾಗಿ ಆಫ್ ಮಾಡುವುದು ಕಲಿಸುತ್ತೇನೆ. ಆಫ್ ಮಾಡುವುದನ್ನು ಬಹಳ ಚೆನ್ನಾಗಿ ಕಲಿಸುತ್ತೇನೆಂದು ಹೆಡ್‌ಮಿಸ್ ಹೊಗಳಿದ್ದಾರೆ. ಒಂದು ಕಾಲದಲ್ಲಿ ಇದೇ ಕೈ, ಕಂಪೆನಿಯವರು ಬೀಗ ಜಡಿದು ಕಳಿಸಿದ ಪ್ರೊಸೆಸರುಗಳ ಬೀಗ ತೆಗೆಯುತ್ತಿತ್ತು ಅಂದರೆ ಅವರು ನಂಬುವುದಿಲ್ಲ. ನನಗೇ ಕೆಲವೊಮ್ಮೆ ನಂಬಿಕೆ ಬರುವುದಿಲ್ಲ.

ಬಿಚ್ಚುವ ಚಟ ನನಗೆ ಚಿಕ್ಕಂದಿನಿಂದಲೂ ಇತ್ತು. ನಮ್ಮಪ್ಪನದು ಅರಿಶಿನದ ವ್ಯಾಪಾರ. ಮನೆಯ ಮುಂದಿನ ಭಾಗವೇ ಗೋಡೌನು. ಮೂಟೆಗಳ ಮೇಲೆ ಹತ್ತಿ ಇಳಿದು ನನ್ನ ಮತ್ತು ನಂಜಣ್ಣನ ಅಂಗಾಲು ವರ್ಷವಿಡೀ ಹಳದಿ. ಸ್ಕೂಲಿನಲ್ಲಿ ಬಿಳಿ ಸಾಕ್ಸ್ ಹಾಕಿಕೊಂಡರೆ ಸಂಜೆಗೆ ಅದೂ ಹಳದಿ. ನಂಜಣ್ಣ ಅಂದರೆ ನಂಜುಂಡಸ್ವಾಮಿ, ನನ್ನ ಒಬ್ಬನೇ ಅಣ್ಣ. ಒಮ್ಮೆ ಅಪ್ಪ ಮೈಸೂರಿನಿಂದ ತಂದಿದ್ದ ಅಲಾರಂ ಗಡಿಯಾರವನ್ನು ಮೂಟೆಗಳ ಹಿಂದೆ ಕೂತು ಪೂರ್ತಿ ಬಿಚ್ಚಿದ್ದೆ. ಬಿಚ್ಚಿದ್ದು ಸುಲಭವಾಯಿತು. ಜೋಡಿಸುವಾಗ ಒಂದು ಸ್ಪ್ರಿಂಗು ಹಾರಿ ಅರಿಶಿನದ ರಾಶಿಯೊಳಗೆ ಬಿತ್ತು. ಅಪ್ಪ ಬೆಲ್ಟು ಹಿಡಿದು ಬಂದಾಗ ನಂಜಣ್ಣ ಮುಂದೆ ನಿಂತು, "ನಾನೇ ಕಣಪ್ಪ ಬಿಚ್ಚಿದ್ದು" ಅಂದ. ಹೊಡೆತ ತಿಂದ. ಆಮೇಲೆ ಬೆನ್ನು ತೋರಿಸಿ, "ಉರಿತದಮ್ಮಿ, ಒಸಿ ಅರಿಶಿನ ಅಚ್ಚು" ಅಂದ. ಹಚ್ಚಿದೆ. ನಮ್ಮ ಮನೆಯಲ್ಲಿ ಅರಿಶಿನಕ್ಕೇನು ಬರ?

ಈ ಮಾತನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಹೇಳುವುದನ್ನು ಕೇಳಿ ನಮ್ಮಣ್ಣನನ್ನು ನೀವು ಕೆಟ್ಟವನೆಂದು ತಿಳಿಯಬಾರದು. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ನಾನು ಬಿಸಿಎ ಓದುವಾಗ ನಂಜಣ್ಣ ಗುಂಡ್ಲುಪೇಟೆಯಲ್ಲಿ, ಸೋದರಮಾವನ ಮಳಿಗೆಯಲ್ಲಿ, ಕಂಪ್ಯೂಟರ್ ಅಂಗಡಿ ಇಟ್ಟ. ಕಾಲೇಜು ಮುಗಿಸಿ, ರಜೆಯಿದ್ದರೆ ಬೆಳಿಗ್ಗೆಯೇ, ಚಾಮರಾಜನಗರದಿಂದ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ನಾನೂ ಅಲ್ಲಿಗೆ ಹೋಗುತ್ತಿದ್ದೆ. ಕೇರಳಕ್ಕೆ ತರಕಾರಿ ಹೊರುವ ಲಾರಿಗಳ ಸಾಲು, ಎದುರಿಗೆ ಪರೋಟದ ಹೋಟೆಲು, ಅದರ ಪಕ್ಕ ಫೋಟೋ ಸ್ಟುಡಿಯೋ. ಆಗಿನ್ನೂ ಮೊಬೈಲಿನಲ್ಲಿ ವೀಡಿಯೋ ಹಿಡಿಯುವ ಕಾಲ ಬಂದಿರಲಿಲ್ಲ. ಮದುವೆಯನ್ನು ಟೇಪಿನಲ್ಲಿ ಹಿಡಿದು, ಕಂಪ್ಯೂಟರಿಗೆ ಇಳಿಸಿ, ವಧುವರರನ್ನು ಗುಲಾಬಿ ಹೂವಿನೊಳಗೆ ಕೂರಿಸಿ, ತಾಜಮಹಲಿನ ಮುಂದೆ ನಿಲ್ಲಿಸಿ, ಹಾಡು ಸೇರಿಸಿ ಸಿ.ಡಿ. ಮಾಡಿಕೊಡುತ್ತಿದ್ದರು. ಅದಕ್ಕೆ ಮಿಕ್ಸಿಂಗ್ ಎಂದು ಹೆಸರು. ಒಂದು ಮದುವೆ ಮಿಕ್ಸಿಂಗಿಗೆ ಹಾಕಿದರೆ ಕಂಪ್ಯೂಟರು ಎಮ್ಮೆಯ ಹಾಗೆ ಮೆಲುಕು ಹಾಕುತ್ತಾ ಕೂರುತ್ತಿತ್ತು. ಸ್ಟುಡಿಯೋದವರಿಗೆಲ್ಲ ಜೋರಾಗಿ ಓಡುವ ಯಂತ್ರ ಬೇಕು, ದುಡ್ಡು ಮಾತ್ರ ಕಡಿಮೆಯಾಗಬೇಕು.

ಇಂಟರ್ನೆಟ್ಟಿನಲ್ಲಿ ಯಾವ್ಯಾವುದೋ ದೇಶದ ಹುಚ್ಚರು ಬರೆದುಕೊಳ್ಳುತ್ತಿದ್ದ ಪುಟಗಳನ್ನು ನಾನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆ. ಪ್ರೊಸೆಸರಿನ ವೇಗವನ್ನು ಕಂಪೆನಿ ಹೇಳಿದ್ದಕ್ಕಿಂತ ಮೇಲೆ ಏರಿಸುವುದು ಓವರ್‌ಕ್ಲಾಕಿಂಗ್. ಸ್ವಲ್ಪ ಏರಿಸು, ಓಡಿಸಿ ನೋಡು, ಕಾವು ಎಷ್ಟಾಯಿತು ನೋಡು, ನಿಂತುಹೋದರೆ ಇಳಿಸು. ಅದು ತಾಳ್ಮೆಯ ಕೆಲಸ. ಬೀಗ ತೆಗೆಯುವುದು ಅದೃಷ್ಟದ ಕೆಲಸ. ಕಂಪೆನಿಯವರು ನಾಲ್ಕು ಕೋರಿನ ಪ್ರೊಸೆಸರ್ ಮಾಡುತ್ತಾರೆ. ಕೋರು ಅಂದರೆ ಲೆಕ್ಕ ಮಾಡುವ ತಲೆ ಅಂದುಕೊಳ್ಳಿ. ಪರೀಕ್ಷೆಯಲ್ಲಿ ಒಂದು ತಲೆ ತಪ್ಪಿದರೆ ಅದನ್ನು ಮುಚ್ಚಿ, ಮೂರು ಕೋರಿನದೆಂದು ಕಡಿಮೆ ಬೆಲೆಗೆ ಮಾರುತ್ತಾರೆ. ಆದರೆ ಮೂರರದಕ್ಕೆ ಗಿರಾಕಿ ಹೆಚ್ಚಾದಾಗ ಚೆನ್ನಾಗಿರುವ ನಾಲ್ಕನೆಯದನ್ನೂ ಮುಚ್ಚಿ ಕಳಿಸುತ್ತಾರೆ. ಕೆಲವು ಮದರ್‌ಬೋರ್ಡುಗಳಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಮಲಗಿದ್ದ ನಾಲ್ಕನೆಯದು ಎದ್ದು ಕೂರುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ, ಎಬ್ಬಿಸಿ ನೋಡುವ ತನಕ ಗೊತ್ತಾಗುವುದಿಲ್ಲ.

ಅಪ್ಪನಿಗೆ ಇದನ್ನು ವಿವರಿಸಿದೆ. "ನಾಕು ಕೋಣೆ ಮನೆ ಕಟ್ಟಿ, ಒಂದು ಕೋಣೆಗೆ ಬೀಗ ಆಕಿ, ಮೂರು ಕೋಣೆ ಮನೆ ಅಂತ ಬಾಡಿಗೆಗೆ ಕೊಟ್ಟಂಗಪ್ಪ. ನಾವು ಬೀಗ ತೆಗಿತೀವಿ."

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಆ ಕೋಣೇಲಿ ಆವು ಸೇರ್ಕಂಡಿದ್ರೆ?"

"ಅದ್ಕೇ ಇಡೀ ದಿನ ಪರೀಕ್ಷೆ ಮಾಡದು."

ನಾನು ಹಾಗೇ ಮಾಡುತ್ತಿದ್ದೆ. ನಾಲ್ಕನೆಯದನ್ನು ಎಬ್ಬಿಸಿ, ಕಷ್ಟದ ಲೆಕ್ಕ ಕೊಡುವ ಒಂದು ಪ್ರೋಗ್ರಾಮನ್ನು ಬೆಳಗಿನಿಂದ ಸಂಜೆಯವರೆಗೆ ಓಡಿಸುತ್ತಿದ್ದೆ. ಒಂದೇ ಒಂದು ಲೆಕ್ಕ ತಪ್ಪಿದರೂ ಮತ್ತೆ ಬೀಗ. ನಂಜಣ್ಣನಿಗೆ ಅಷ್ಟು ಹೊತ್ತು ಕಾಯುವುದೆಂದರೆ ಮೈಯೆಲ್ಲ ತುರಿಕೆ. ಹೊರದೇಶದವರು ಐಸು ಸುರಿದು ಪ್ರೊಸೆಸರ್ ತಣ್ಣಗಿಡುತ್ತಾರಂತೆ ಅಂದರೆ, "ಐಸ್ ಯಾಕಮ್ಮಿ? ಕ್ಯಾಬಿನೆಟ್ ಒತ್ಕಂಡು ಗೋಪಾಲಸ್ವಾಮಿ ಬೆಟ್ಟಕ್ಕೋಗನ. ಆ ಚಳೀಲಿ ಎಷ್ಟು ಬೇಕಾದ್ರೂ ಏರಿಸ್ಬೋದು" ಎನ್ನುತ್ತಿದ್ದ. "ಪ್ಲಗ್ ಎಲ್ಲಿ ಚುಚ್ಚೀಯೆ?" ಅಂದರೆ, "ಗರ್ಭಗುಡಿಲಿ ಒಂದು ಪಾಯಿಂಟ್ ಇದ್ದದು ಬುಡು." ಇಬ್ಬರೂ ಕ್ಯಾಬಿನೆಟ್ಟಿನ ಮೇಲೆ ತಲೆಯಿಟ್ಟು ನಗುತ್ತಿದ್ದೆವು. ಆ ನಗು ನಿಜವಾದದ್ದು. ಅದನ್ನು ಇವತ್ತಿಗೂ ಸುಳ್ಳೆನ್ನಲಾರೆ.

ಅಂಗಡಿಗೆ ಹೆಸರು ಬಂತು. ಹೆಸರು ಬಂದದ್ದು ನಂಜಣ್ಣನಿಗೆ. "ನಂಜುಂಡಸ್ವಾಮಿ ಕೈಗೆ ಕೊಟ್ರೆ ಮೂರು ನಾಕಾಯ್ತದೆ" ಎಂದು ಸ್ಟುಡಿಯೋದವರು ಮಾತಾಡಿಕೊಳ್ಳುತ್ತಿದ್ದರು. ವಯನಾಡಿನಿಂದಲೂ ಬಂದು "ಚೇಟ್ಟಾ, ಚೇಟ್ಟಾ" ಎಂದು ಅವನ ಹಿಂದೆ ಸುತ್ತುತ್ತಿದ್ದರು. ನಾನು ಪರದೆಯ ಹಿಂದೆ ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತಿದ್ದೆ. ಯಾರಾದರೂ ಇಣುಕಿದರೆ, "ನಮ್ ತಂಗಿ, ಬಿಲ್ ಬರಿತಾಳೆ" ಎನ್ನುತ್ತಿದ್ದ. ಒಮ್ಮೆ ಊರಿನ ಕೇಬಲ್ ಚಾನೆಲ್ಲಿನವರು ಬಂದು ಅವನ ಮುಂದೆ ಮೈಕು ಹಿಡಿದರು. ಇವನು ಗಂಭೀರವಾಗಿ, "ಪ್ರೊಸೆಸರ್‌ನ ಒಂದು ಅದದಲ್ಲಿ ಕಾಯಿಸಿದ್ರೆ ಒಳಗಿನ ಕೋರು ಬುಟ್ಕಂಡು ಬತ್ತದೆ" ಅಂದ. ಬೆಲ್ಲದ ಪಾಕವೇನೋ ಅನ್ನುವ ಹಾಗೆ! ನಾನು ಪರದೆಯ ಹಿಂದೆ ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕೆ.

ಅವತ್ತು ಅವರೆಲ್ಲ ಹೋದಮೇಲೆ ಕೇಳಿದೆ: "ನಾನು ಮಾಡದು ಅಂತ ಒಂದು ಮಾತು ಏಳಕ್ಕೇನಣ್ಣ?"

"ಎಣ್ಮಗಳು ಬಿಚ್ತಾಳೆ ಅಂದ್ರೆ ಯಾರೂ ಸಾಮಾನು ಬುಟ್ಟೋಗಲ್ಲ ಕಣಮ್ಮಿ. ಯಾಪಾರ ಅದು. ನಿಂಗೆ ಅರ್ಥ ಆಗಲ್ವಾ?"

ಅರ್ಥವಾಯಿತು ಅಂದುಕೊಂಡೆ. ಅಷ್ಟೇ ಅಲ್ಲ, ಒಳಗೊಳಗೇ ಖುಷಿಯೂ ಆಯಿತು ಅನ್ನಿ. ಊರಿಗೆಲ್ಲ ಗೊತ್ತಿಲ್ಲದ ಗುಟ್ಟೊಂದು ನನ್ನ ಮತ್ತು ಅಣ್ಣನ ನಡುವೆ ಇದೆ ಎಂಬ ಖುಷಿ. ಇಪ್ಪತ್ತರ ವಯಸ್ಸಿನಲ್ಲಿ ಮನುಷ್ಯರು ಎಂತೆಂಥದಕ್ಕೋ ಖುಷಿಪಡುತ್ತಾರೆ.

ಮದುವೆ ಸೀಸನ್ನಿಗೆ ಮುಂಚೆ ಶಿವಮಲ್ಲಪ್ಪ ಎಂಬ ಸ್ಟುಡಿಯೋ ಮಾಲೀಕರು ಹೊಸ ಯಂತ್ರ ಕೇಳಿದರು. ದೊಡ್ಡ ಗಿರಾಕಿ. ನಾಲ್ಕು ಕೋರು ಮಾಡಿಯೇ ಕೊಡುತ್ತೇನೆಂದು ನಂಜಣ್ಣ ಮಾತು ಕೊಟ್ಟುಬಿಟ್ಟಿದ್ದ. ನಾನು ಬೀಗ ತೆಗೆದು ಓಡಿಸಿದೆ. ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ಓಡಿತು. ಮಧ್ಯಾಹ್ನದ ಮೇಲೆ ನಾಲ್ಕನೆಯದು ಲೆಕ್ಕ ತಪ್ಪಿತು. ಮತ್ತೊಮ್ಮೆ ಓಡಿಸಿದೆ, ಮತ್ತೆ ತಪ್ಪಿತು.

"ಇದು ನಿಜ್ವಾಗ್ಲೂ ಕೆಟ್ಟೋಗಿರೋ ಕೋರು ಅಣ್ಣ. ಮೂರಕ್ಕೇ ಬುಟ್ಟಿದೀನಿ. ಅವ್ರಿಗೆ ಏಳ್ಬುಡು."

"ಒಂದೆರಡು ಲೆಕ್ಕ ತಪ್ಪಿದ್ರೆ ಏನಾದದಮ್ಮಿ? ಅವ್ರೇನು ರಾಕೆಟ್ ಬುಡ್ತಾರಾ?"

"ಆಗಲ್ಲ ಅಣ್ಣ. ಫೈಲೆಲ್ಲ ಆಳಾಗೋಯ್ತದೆ."

"ಸರಿ ಬುಡು" ಅಂದ. ಮಾರನೆಯ ದಿನದಿಂದ ನನಗೆ ಪರೀಕ್ಷೆ. ನಾನು ಗುಂಡ್ಲುಪೇಟೆ ಕಡೆ ತಲೆ ಹಾಕಲಿಲ್ಲ.

ಪರೀಕ್ಷೆ ಮುಗಿಸಿ ಅಂಗಡಿಗೆ ಹೋಗಲು ಶುರುಮಾಡಿ ಸ್ವಲ್ಪ ದಿನವಾಗಿತ್ತು. ಒಂದು ಮಧ್ಯಾಹ್ನ ಶಿವಮಲ್ಲಪ್ಪ ಆ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಹಿಂದೆಯೇ ಪುಷ್ಪ, ಅವಳ ಗಂಡ. ಪುಷ್ಪ ನನ್ನ ಜೊತೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು. ಓದು ಮುಗಿಯುವ ಮೊದಲೇ ಅವಳ ಮದುವೆಯಾಗಿತ್ತು. ಮದುವೆಯಾಗಿ ತಿಂಗಳು ಕಳೆಯುವುದರೊಳಗೆ ಅವಳ ತಂದೆ ಹೊಲದಲ್ಲಿ ಎದೆನೋವು ಬಂದು ಹೋಗಿಬಿಟ್ಟಿದ್ದರು. ಆ ತಂದೆ ಫೋಟೋ ತೆಗೆಸಿಕೊಳ್ಳುವವರೇ ಅಲ್ಲ. ಅವರು ಓಡಾಡಿದ್ದು, ನಕ್ಕಿದ್ದು, ಧಾರೆ ಎರೆದದ್ದು ಎಲ್ಲ ಇದ್ದದ್ದು ಆ ಮದುವೆಯ ವೀಡಿಯೋದಲ್ಲಿ ಮಾತ್ರ.

ಆ ವೀಡಿಯೋ ಹಾಳಾಗಿತ್ತು. ಟೇಪಿನಿಂದ ಕಂಪ್ಯೂಟರಿಗೆ ಇಳಿಸಿದ ಫೈಲುಗಳೆಲ್ಲ ಚೂರುಚೂರು. ಧಾರೆಯ ಹೊತ್ತಿಗೆ ಪರದೆಯ ತುಂಬ ಹಸಿರು ಚೌಕಗಳು. ಚೌಕಗಳ ನಡುವೆ ಒಂದು ಪೇಟದ ತುದಿ, ಒಂದು ಕೈ, ಅಷ್ಟೆ. ಮತ್ತೆ ಇಳಿಸೋಣವೆಂದರೆ ಟೇಪು ಆಗಲೇ ಇನ್ನೊಂದು ಮದುವೆಗೆ ಹೋಗಿ, ಅದರ ಮೇಲೆ ಬೇರೆ ಯಾರದೋ ಧಾರೆ ಕೂತಿತ್ತು. ಟೇಪು ಮತ್ತೆ ಬಳಸುವುದು ಆಗ ಎಲ್ಲ ಸ್ಟುಡಿಯೋದವರ ರೂಢಿ.

"ಏನ್ ಯಂತ್ರ ಕೊಟ್ಟೆಯಪ್ಪಾ ನಂಜುಂಡಸ್ವಾಮಿ? ಈ ಎಣ್ಮಗಿಗೆ ನಾನೇನ್ ಉತ್ರ ಏಳ್ಲಿ?" ಎಂದು ಶಿವಮಲ್ಲಪ್ಪ ಕೂಗಿದರು. ಎದುರಿನ ಹೋಟೆಲಿನವರು, ಲಾರಿಯವರು ಬಂದು ಬಾಗಿಲಲ್ಲಿ ನಿಂತರು.

ನಾನು ಯಂತ್ರಕ್ಕೆ ವೈರು ಚುಚ್ಚಿ ಸೆಟ್ಟಿಂಗ್ ತೆರೆದು ನೋಡಿದೆ. ನಾನು ಮುಚ್ಚಿದ್ದ ನಾಲ್ಕನೇ ಕೋರು ತೆರೆದಿತ್ತು. ತಲೆಯೆತ್ತಿ ಅಣ್ಣನ ಮುಖ ನೋಡಿದೆ. ಅವನೂ ನನ್ನ ಮುಖ ನೋಡಿದ. ಒಂದು ಗಳಿಗೆ ಅಷ್ಟೆ. ಆಮೇಲೆ ಅವನು ಶಿವಮಲ್ಲಪ್ಪನವರ ಕಡೆ ತಿರುಗಿದ.

"ತಪ್ಪಾಯ್ತು ಕಣಣ್ಣ. ಅದು ನಾನ್ ಮಾಡಿದ್ದಲ್ಲ. ನಮ್ ತಂಗಿ ಮಾಡಿದ್ದು. ಕಲಿತೀನಿ ಕಲಿತೀನಿ ಅಂತ ಕೈ ಆಡ್ಸ್‌ಬುಟ್ಟವಳೆ."

ನಾನು ಮಾಡಿದ್ದು ಎಂದು ಅವನು ನಾಲ್ಕು ಜನರ ಮುಂದೆ ಹೇಳಿದ್ದು ಅದೇ ಮೊದಲು.

"ಇಲ್ಲ, ನಾನು ಮೂರಕ್ಕೇ..." ಎಂದು ಬಾಯಿ ತೆರೆದೆ.

"ಸುಮ್ನಿರಮ್ಮಿ, ಆದದ್ದಾಯ್ತು. ನಾನಿಲ್ವಾ?" ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ಎಷ್ಟು ಪ್ರೀತಿಯಿಂದ ಇಟ್ಟ ಅಂದರೆ, ಬಾಗಿಲಲ್ಲಿ ನಿಂತಿದ್ದ ಲಾರಿ ಡ್ರೈವರೊಬ್ಬ, "ಪಾಪ ಚಿಕ್ಕುಡ್ಗಿ, ಬುಡಿ ಅಣ್ಣ" ಎಂದ. ಶಿವಮಲ್ಲಪ್ಪನವರೂ ದನಿ ತಗ್ಗಿಸಿದರು. ಸಮಾಧಾನವಾಗದೆ ಉಳಿದವಳು ಪುಷ್ಪ ಒಬ್ಬಳೇ. ಅವಳು ನನ್ನನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನ ಹಿಂದೆ ಹೊರಟುಹೋದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ತೆರಕಣಾಂಬಿಯಲ್ಲಿ ನಂಜಣ್ಣ ಇಳಿದು ಕಡ್ಲೆಕಾಯಿ ಕೊಂಡುಬಂದು ನನ್ನ ಮಡಿಲಿಗೆ ಹಾಕಿದ.

"ನನ್ನೆಸ್ರು ಕೆಟ್ರೆ ಅಂಗ್ಡಿ ಮುಚ್ಬೇಕು ಕಣಮ್ಮಿ. ನಿಂಗೇನು? ನಿನ್ನೆಸ್ರು ಯಾರ್ಗೆ ಗೊತ್ತು?"

ಅವನು ಕುಹಕವಾಡಲಿಲ್ಲ. ಸಮಾಧಾನ ಹೇಳುತ್ತಿದ್ದ. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ ಎನ್ನುವುದೂ ನಿಜವೇ. ಗೊತ್ತಾಗದ ಹಾಗೆ ನೋಡಿಕೊಂಡವನೇ ಅದನ್ನು ಹೇಳುತ್ತಿದ್ದ. ಕಡ್ಲೆಕಾಯಿ ಬಿಸಿಯಾಗಿತ್ತು. ನಾನು ತಿನ್ನಲಿಲ್ಲ. ಚಾಮರಾಜನಗರ ಬರುವ ಹೊತ್ತಿಗೆ ಅವನೇ ಅಷ್ಟನ್ನೂ ತಿಂದು ಮುಗಿಸಿದ್ದ.

ಅಪ್ಪನಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ನಂಬಿದರು. ನಂಬಿದ ಮೇಲೆ ಅಂದ ಮಾತು ಇದು: "ಅವ್ನ ಜೀವ್ನ ಆ ಅಂಗ್ಡಿ ಮೇಲದೆ. ನೀನು ನಾಳೆ ಇನ್ನೊಬ್ರ ಮನೆಗೋಗೋಳು. ಯಾಕವ್ವ ರಗಳೆ? ನುಂಗ್ಕೊಬುಡು." ಅಮ್ಮ ಬಡಿಸುತ್ತಿದ್ದ ಸೌಟನ್ನು ಒಂದು ಗಳಿಗೆ ಹಿಡಿದು ನಿಂತು, ಮತ್ತೆ ಬಡಿಸಿದರು. ಅಪ್ಪ ನಂಬದೆ ಹೋಗಿದ್ದರೆ ಅಳಬಹುದಾಗಿತ್ತು, ಜಗಳವಾಡಬಹುದಾಗಿತ್ತು. ನಂಬಿಯೂ ಹಾಗಂದವರ ಹತ್ತಿರ ಏನು ವಾದಿಸುವುದು?

ನಾನು ಅಂಗಡಿಗೆ ಹೋಗುವುದನ್ನು ಬಿಟ್ಟೆ. ಯಾರೂ ಯಾಕೆಂದು ಕೇಳಲಿಲ್ಲ. ನಾನಿಲ್ಲದ ಮೇಲೆ ಬೀಗ ತೆಗೆಯುವ ಕೆಲಸ ತಾನಾಗಿ ನಿಂತಿತು. "ಈಗ ಬರೋ ಪ್ರೊಸೆಸರ್‌ನಲ್ಲಿ ಅದೆಲ್ಲ ಆಗಲ್ಲ" ಎಂದು ಅಣ್ಣ ಗಿರಾಕಿಗಳಿಗೆ ಹೇಳುತ್ತಿದ್ದನಂತೆ. ಒಂದೆರಡು ವರ್ಷದಲ್ಲಿ ಅದು ನಿಜವೂ ಆಯಿತು, ಕಂಪೆನಿಯವರು ಬೀಗವನ್ನು ಭದ್ರ ಮಾಡಿದರು. ಅಣ್ಣನ ಅದೃಷ್ಟ ಯಾವಾಗಲೂ ಹಾಗೆಯೇ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, "ಉಡುಗಿಗೆ ಕಂಪ್ಯೂಟರ್ ಬತ್ತದಾ?" ಎಂದು ಕೇಳಿದರು. ಅಪ್ಪ, "ಟೈಪಿಂಗ್ ಬತ್ತದೆ" ಅಂದರು. ಒಪ್ಪಿಗೆಯಾಯಿತು.

ಈಗ ನಂಜಣ್ಣ ದೊಡ್ಡ ಮನುಷ್ಯ. ಚಾಮರಾಜನಗರದಲ್ಲಿ ಎರಡಂತಸ್ತಿನ ಶೋರೂಮು. ಬದನಗುಪ್ಪೆಯ ಫ್ಯಾಕ್ಟರಿಗಳಿಗೆ ಕಂಪ್ಯೂಟರ್ ಸಪ್ಲೈ ಮಾಡುತ್ತಾನೆ. ಹಬ್ಬಕ್ಕೆ ತಪ್ಪದೆ ಸೀರೆ ಕಳಿಸುತ್ತಾನೆ. ಹೋದ ತಿಂಗಳು ಅವನ ಹೊಸ ಮನೆಯ ಗೃಹಪ್ರವೇಶವಾಯಿತು. ಊಟವಾದ ಮೇಲೆ ಎಲೆಯಡಿಕೆಯ ತಟ್ಟೆ ನಡುವಿಟ್ಟುಕೊಂಡು ನೆಂಟರೆಲ್ಲ ಕೂತಿದ್ದೆವು. ಅವನು ತನ್ನ ಹಳೆಯ ಸಾಹಸಗಳನ್ನು ಹೇಳುತ್ತಿದ್ದ. ಮೂರನ್ನು ನಾಲ್ಕು ಮಾಡಿದ್ದು, ಇಡೀ ದಿನ ಕೂತು ಪರೀಕ್ಷೆ ಮಾಡುತ್ತಿದ್ದದ್ದು, ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷ್ ಪುಟಗಳನ್ನು ಓದುತ್ತಿದ್ದದ್ದು. ಡಿಕ್ಷನರಿ ಕೂಡ ಅವನದಾಗಿತ್ತು. ಆಮೇಲೆ ನನ್ನ ಕಡೆ ಕೈ ತೋರಿಸಿ, ತನ್ನ ಮಗಳಿಗೆ, "ನಿಮ್ಮತ್ತೆ ಒಂದ್ಸಲ ಕೈಯಾಡ್ಸಿ ಒಂದ್ ಮದ್ವೇನೇ ಅಳಿಸಾಕ್ಬುಟ್ಟಿದ್ಲು ಕಣಮ್ಮಿ" ಅಂದ. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು.

ಎಲ್ಲರೂ ಎದ್ದ ಮೇಲೆ ಅವನನ್ನು ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿದೆ.

"ಆ ಕೋರಿನ ಬೀಗ ತೆಗ್ದಿದ್ದು ಯಾರಣ್ಣ?"

"ಯಾವ್ದಮ್ಮಿ?"

"ಪುಷ್ಪನ ಮದ್ವೇದು. ನಾನು ಮೂರಕ್ಕೆ ಬುಟ್ಟೋಗಿದ್ದೆ. ಯಾರು ತೆಗ್ದದ್ದು?"

ಅವನು ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ. ಆ ಮುಖವನ್ನು ನಾನು ಚಿಕ್ಕಂದಿನಿಂದ ನೋಡಿದವಳು. ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುತ್ತದೆ. ಆಗಲಿಲ್ಲ.

"ನೀನೇ ಅಲ್ವಾ?" ಅಂದ. "ನಾನೇ ಅಲ್ವಾ ನಿನ್ ಪರವಾಗಿ ಎಲ್ರಿಗೂ ಸಮಾಧಾನ ಮಾಡಿ ಕಳ್ಸಿದ್ದು? ಈಗ್ಲೂ ಮನ್ಸಿಗೆ ಅಚ್ಕಂಡಿದ್ದೀಯಾ? ಬುಡಮ್ಮಿ, ಅಳೇದು."

ಅವನು ಮರೆತಿದ್ದ. ಮರೆತು, ಆ ಜಾಗದಲ್ಲಿ ತನಗೆ ಹಿತವಾದ ಇನ್ನೊಂದನ್ನು ಇಟ್ಟುಕೊಂಡು ವರ್ಷಗಟ್ಟಲೆ ನೆಮ್ಮದಿಯಾಗಿ ಮಲಗಿದ್ದ. ಇಷ್ಟು ವರ್ಷ, ಅವನಿಗಾದರೂ ಗೊತ್ತಲ್ಲ, ಒಳಗೆ ಎಲ್ಲೋ ಚುಚ್ಚುತ್ತಿರುತ್ತದಲ್ಲ ಎಂದು ನಾನು ನಂಬಿಕೊಂಡಿದ್ದೆ. ಏನೂ ಚುಚ್ಚಿರಲಿಲ್ಲ. ಅಪ್ಪ ಅಮ್ಮ ಈಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬಲ್ಲವಳು ನಾನೊಬ್ಬಳೇ ಎಂದು ಆ ಬಾಗಿಲಲ್ಲಿ ನಿಂತಾಗ ಗೊತ್ತಾಯಿತು.

ಅದಾಗಿ ಒಂದು ವಾರಕ್ಕೆ ಪುಷ್ಪ ನಮ್ಮ ಶಾಲೆಗೆ ಬಂದಳು. ಮಗಳನ್ನು ಸೇರಿಸಲು. ಅವಳ ಗಂಡನಿಗೆ ಚಾಮರಾಜನಗರಕ್ಕೆ ವರ್ಗವಾಗಿತ್ತಂತೆ. ಆಫೀಸಿನ ಮುಂದಿನ ಬೆಂಚಿನಲ್ಲಿ ಕೂತಿದ್ದವಳನ್ನು ನಾನು ಮೊದಲು ಗುರುತಿಸಿದೆ. ತಲೆಗೂದಲು ಅಲ್ಲಲ್ಲಿ ನರೆತಿತ್ತು. ಕಣ್ಣು ಅದೇ. ಇವಳಿಗಾದರೂ ಹೇಳಿಬಿಡಬೇಕು, ಇವತ್ತೇ, ಇಲ್ಲೇ ಅಂದುಕೊಂಡು ಪಕ್ಕದಲ್ಲಿ ಹೋಗಿ ಕೂತೆ.

"ಮಂಗಳಾ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮಗಳನ್ನು ತೋರಿಸಿದಳು. ಅತ್ತೆ ಮಾವ, ಮನೆ ಬಾಡಿಗೆ, ನೀರು, ಎಲ್ಲ ಮಾತಾಡಿದಳು. ನಾನು ಮಾತು ಹುಡುಕುತ್ತಿದ್ದೆ.

"ಪುಷ್ಪಾ, ಆವತ್ತು ಆ ವೀಡಿಯೋ..." ಎಂದು ಶುರುಮಾಡಿದೆ.

ಅವಳು ನನ್ನ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು. "ಏನೂ ಏಳ್ಬೇಡ ಕಣೆ. ನಂಗೊತ್ತು ನಿಂಗೆ ಎಷ್ಟು ನೋವಾಗಿರ್ತದೆ ಅಂತ. ಆ ಮುರುಕು ವೀಡಿಯೋನೇ ಇಟ್ಕಂಡಿದೀನಿ. ಚಿತ್ರ ಏನೂ ಕಾಣಲ್ಲ. ಆದ್ರೆ ಒಂದ್ಕಡೆ ನಮ್ಮಪ್ಪನ ದನಿ ಕೇಳ್ತದೆ. 'ತಲೆ ಎತ್ತು ಕಣಮ್ಮಿ, ಫೋಟೋದವ್ರು ನೋಡ್ತಾವ್ರೆ' ಅಂತದೆ. ಅಷ್ಟೇ. ಅದ್ನೇ ಮಗಳಿಗೆ ಕೇಳಿಸ್ತೀನಿ." ಕಣ್ಣು ಒರೆಸಿಕೊಂಡು ನಕ್ಕಳು. "ಮೊದ್ಲು ಮೊದ್ಲು ನಿನ್ನ ಬೋ ಸಪಿಸ್ದೆ ಕಣೆ, ಸುಳ್ಯಾಕೇಳ್ಲಿ. ಆಮೇಲೆ ಯೋಚ್ನೆ ಮಾಡ್ದೆ. ನೀನೇನು ಬೇಕೂಂತ ಮಾಡಿದ್ಯಾ? ಚಿಕ್ಕೋರು ನಾವು. ನಾನು ಯಾವತ್ತೋ ನಿನ್ನ ಕ್ಷಮಿಸ್ಬುಟ್ಟೆ."

ಒಳಗಿಂದ ಹೆಡ್‌ಮಿಸ್ ಅವಳ ಹೆಸರು ಕರೆದರು. ಅವಳು ಏಳದೆ ನನ್ನ ಮುಖವನ್ನೇ ನೋಡುತ್ತಿದ್ದಳು. ವರ್ಷಗಳ ಹಿಂದೆ ಅಂಗಡಿಯಲ್ಲಿ ನೋಡಿದ ನೋಟವಲ್ಲ ಅದು. ಹೊತ್ತು ಸಾಕಾದದ್ದನ್ನು ಕೆಳಗಿಳಿಸಿದವಳ ನೋಟ. ನಾನಲ್ಲ, ನಮ್ಮಣ್ಣ ಅಂದರೆ, ಅವಳು ಅದನ್ನು ಮತ್ತೆ ಎತ್ತಿಕೊಳ್ಳಬೇಕಾಗಿತ್ತು. ಅಥವಾ, ಕ್ಷಮಿಸಿದ ಮೇಲೂ ಅಣ್ಣನ ತಲೆಗೆ ಕಟ್ಟುತ್ತಿದ್ದಾಳಲ್ಲ ಎಂದು ನನ್ನ ಕೈ ಬಿಡುತ್ತಿದ್ದಳು.

"ಥ್ಯಾಂಕ್ಸ್ ಕಣೆ ಪುಷ್ಪಾ" ಅಂದೆ.